ಕರೆಂಟಿನ ಬೀಡಿಗೆ ಠರಾವು, ಶಾಲೆಯ ಗೋಡೆಗೆ ‘ಮುಂದ ನೋಡೂಣು’

ಕಳೆದ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ಗ್ರಾಮಸಭೆಗೆ ನಾವು ಹೋಗಿದ್ದೆವು. ಹಲಕರ್ಣಿ ಸುತ್ತಿನ ಒಂದು ಊರು ಅಂತಷ್ಟೇ ತಿಳಿದುಕೊಳ್ಳಿ. ಊರಿನ ಹೆಸರು ಬೇಡ. ಗಡಹಿಂಗ್ಲಜ ತಾಲೂಕಿನ ಈ ಕನ್ನಡ ಪಟ್ಟಿಯಲ್ಲಿ ಯಾವ ಊರಿನ ಹೆಸರು ಹಾಕಿದರೂ ಕಥೆ ಹೊಂದಿಕೊಳ್ಳುತ್ತದೆ, ಹಾಗಾಗಿ ಒಂದೇ ಊರಿಗೆ ಯಾಕೆ ಕೆಟ್ಟ ಹೆಸರು!

ಸಭೆಯ ಪಟ್ಟಿಯಲ್ಲಿ ಎರಡು ವಿಷಯ ಒಂದರ ಕೆಳಗೊಂದು ಇದ್ದವು. ಒಂದು, ಊರಿನಲ್ಲಿ ಇ-ಸಿಗರೇಟ್ ಬಂದ್ ಮಾಡುವ ಠರಾವು. ಎರಡು, ಈ ವರ್ಷ ಕೈಗೊಳ್ಳುವ ಸಾರ್ವಜನಿಕ ಕಾಮಗಾರಿಗಳು. ಮೊದಲನೆಯದನ್ನು ತಂದವರು ಪುಣೆಯಲ್ಲಿ ನೌಕರಿ ಮಾಡಿ ಊರಿಗೆ ಮರಳಿದ ಒಬ್ಬ ತರುಣ ಸದಸ್ಯರು. ಒಳ್ಳೆಯ ಮನುಷ್ಯ, ಒಳ್ಳೆಯ ಉದ್ದೇಶ. ಅವರು ಎದ್ದು ನಿಂತು ‘ವೇಪ್’ ಅಂದರೇನು, ಅದು ಪೆನ್ನಿನ ಹಾಗೆ, ಪೆನ್‌ಡ್ರೈವಿನ ಹಾಗೆ ಹೇಗೆ ಕಾಣುತ್ತದೆ, ಕಾಲೇಜು ಹುಡುಗರು ಅದನ್ನು ಹೇಗೆ ಬಚ್ಚಿಡುತ್ತಾರೆ ಎಂದೆಲ್ಲ ಹತ್ತು ನಿಮಿಷ ಹೇಳಿದರು. ಮುಂದೆ ಕೂತಿದ್ದ ಒಬ್ಬ ಆಯಿ ಕೇಳಿಯೇ ಬಿಟ್ಟಳು.

"ಕರೆಂಟಿನ ಬೀಡಿ ಅಂದ್ರ ಏನೋ ತಮ್ಮಾ? ಸೇದುವಾಗ ಶಾಕ್ ಹೊಡಿತೈತೇನು?"

"ಆಯೀ, ಅದು ಇಲ್ಲಿ ಇಲ್ಲ. ಪುಣೆ-ಮುಂಬೈದಾಗ ಇರ್ತೈತಿ."

"ಇಲ್ಲಿ ಇಲ್ಲಂದ್ರ ಇಲ್ಲ್ಯಾಕ ಬಂದ್ ಮಾಡ್ತೀರಿ?"

ಸಭೆ ನಕ್ಕಿತು. ಠರಾವು ಕೈ ಎತ್ತಿ ಪಾಸಾಯಿತು, ಒಬ್ಬರ ವಿರೋಧವೂ ಇಲ್ಲ. ಆ ಆಯಿಯ ಹಲ್ಲು ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾಗಿದ್ದವು. ಠರಾವಿಗೆ ಸೂಚಕರಾಗಿ ಸಹಿ ಮಾಡಿದವರೊಬ್ಬರು ಸಹಿಗೆ ಮೊದಲು ಅಂಗೈಯಲ್ಲಿದ್ದ ತಂಬಾಕು ಸುಣ್ಣವನ್ನು ತುಟಿಯ ಒಳಗೆ ಇಟ್ಟುಕೊಂಡರು. ಇದನ್ನು ನಾವು ಕುಚೋದ್ಯಕ್ಕೆ ಹೇಳುತ್ತಿಲ್ಲ. ಕಣ್ಣಿಗೆ ಕಂಡದ್ದು, ಅಷ್ಟೇ.

ಎರಡನೆಯ ವಿಷಯ ಬಂತು. ಊರ ಬಾಗಿಲಿಗೆ ಸ್ವಾಗತ ಕಮಾನು, ಮಂಜೂರು. ಗುಡಿಯ ಮುಂದೆ ಪೇವರ್ ಬ್ಲಾಕ್, ಮಂಜೂರು. ಓಪನ್ ಜಿಮ್, ಮಂಜೂರು. ಶಾಲೆಯ ಪಶ್ಚಿಮಕ್ಕೆ ಕಂಪೌಂಡ್ ಗೋಡೆ... "ಮುಂದ ನೋಡೂಣು ಗುರೂಜಿ." ಇದು ನಾಲ್ಕನೆಯ ‘ಮುಂದ ನೋಡೂಣು’. ನಾವು ಎಣಿಸಿ ಇಟ್ಟಿದ್ದೇವೆ.

ಈ ಎರಡು ವಿಷಯ ಬೇರೆ ಬೇರೆ ಅಂತ ಅಲ್ಲಿದ್ದ ಎಲ್ಲರೂ ತಿಳಿದಿದ್ದರು. ಅವು ಒಂದೇ ಅಂತ ನಮ್ಮ ವಾದ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಕರೆಂಟಿನ ಬೀಡಿಯ ಲೆಕ್ಕ ಮುಗಿಸೋಣ. ಅದನ್ನು ಬಂದ್ ಮಾಡುವ ಕೆಲಸ ಯಾವ ಪಂಚಾಯಿತಿಗೂ, ಯಾವ ನಗರಪಾಲಿಕೆಗೂ ಉಳಿದಿಲ್ಲ. ಕರ್ನಾಟಕ ಸರಕಾರ 2016ರ ಜೂನ್‌ನಲ್ಲೇ ಬಂದ್ ಮಾಡಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದಿತು, ಅದೇ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಸುವುದು, ಆಮದು, ರಫ್ತು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು, ಎಲ್ಲ ಅಪರಾಧ. ಮೊದಲ ಸಲ ಸಿಕ್ಕರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷ, 5 ಲಕ್ಷ. ದೇಶದಲ್ಲಿ ಇಷ್ಟು ಬಿಗಿ ಕಾಯ್ದೆ ಇದ್ದಾಗ ಹಲಕರ್ಣಿ ಸುತ್ತಿನ ಒಂದು ಗ್ರಾಮಸಭೆ ಠರಾವು ಮಾಡುವುದು ಅಂದರೆ, ಮಳೆ ಬಂದು ಹೋದ ಮೇಲೆ ಬಯಲಿಗೆ ನೀರು ಚಿಮುಕಿಸಿದ ಹಾಗೆ.

ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಇ-ಸಿಗರೇಟನ್ನು ಇಡೀ ದೇಶ ಬಂದ್ ಮಾಡಿಲ್ಲ, ಹೀಗಾಗಿ ಊರೂರಿನ ಸಭೆಗಳು ಕೂತು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರ 2019ರ ಜೂನ್‌ನಲ್ಲಿ ಮಾರಾಟ ನಿಲ್ಲಿಸುವ ನಿಯಮ ಮಾಡಿತು. ಜೂಲ್ ಎಂಬ ದೊಡ್ಡ ಇ-ಸಿಗರೇಟ್ ಕಂಪನಿಯ ಮುಖ್ಯ ಕಚೇರಿ ಆಗ ಅದೇ ಊರಿನಲ್ಲಿತ್ತು! ನಿಯಮ ಮುರಿಯಲು ಕಂಪನಿಯ ದುಡ್ಡಿನಲ್ಲಿ ಜನಮತಕ್ಕೆ ಹಾಕಲಾಯಿತು, ನವೆಂಬರ್‌ನಲ್ಲಿ ಜನ ಅದನ್ನು ತಿರಸ್ಕರಿಸಿದರು. ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್ ಎಂಬ ಊರು 2020ರಲ್ಲಿ ಇನ್ನೂ ಮುಂದೆ ಹೋಯಿತು. 2000ದ ಜನವರಿ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಆ ಊರಿನ ಅಂಗಡಿಯಲ್ಲಿ ತಂಬಾಕು ಮಾರಲೇಬಾರದು, ಅವರಿಗೆ ಐವತ್ತು ವರ್ಷವಾದರೂ! ಅಂಗಡಿಯವರು ಕೋರ್ಟಿಗೆ ಹೋದರು, 2024ರ ಮಾರ್ಚ್‌ನಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟು ಊರಿನ ನಿಯಮವನ್ನು ಎತ್ತಿಹಿಡಿಯಿತು. ಅದು ಸರಿಯೋ ತಪ್ಪೋ ಬೇರೆ ಮಾತು. ಊರಿನವರು ತಮ್ಮ ಕೈಯಲ್ಲಿರುವ ಅಧಿಕಾರವನ್ನು ಬಳಸಿದರು ಎಂಬುದು ಮುಖ್ಯ.

ನಮ್ಮಲ್ಲಿ ಉಲ್ಟಾ. ಕೈಯಲ್ಲಿ ಇಲ್ಲದ ಅಧಿಕಾರಕ್ಕೆ ಠರಾವು, ಕೈಯಲ್ಲಿ ಇರುವುದಕ್ಕೆ ‘ಮುಂದ ನೋಡೂಣು’.

ಅಂಕಿ ನೋಡಿ. 2016-17ರಲ್ಲಿ ನಡೆದ ರಾಷ್ಟ್ರೀಯ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಬೀಡಿ ಸಿಗರೇಟು ಸೇದುವ ವಯಸ್ಕರು ಶೇ. 3.8. ಜಗಿಯುವವರು, ತಿಕ್ಕುವವರು ಶೇ. 24.4. ಅಂದರೆ ಹೊಗೆ ಬಿಡುವವರು ನೂರಕ್ಕೆ ನಾಲ್ಕು ಕೂಡ ಇಲ್ಲ, ಬಾಯಲ್ಲಿ ಇಟ್ಟುಕೊಳ್ಳುವವರು ಇಪ್ಪತ್ತನಾಲ್ಕು. ಅದೇ ಸಮೀಕ್ಷೆಯಲ್ಲಿ ದೇಶದ ಇ-ಸಿಗರೇಟ್ ಬಳಕೆ ಶೇ. 0.02. ಹತ್ತು ಸಾವಿರ ಜನರಲ್ಲಿ ಇಬ್ಬರು! ಆಮೇಲೆ ನಗರಗಳಲ್ಲಿ ಕಳ್ಳತನದಿಂದ ಬೆಳೆದಿರಬಹುದು, ನಾವು ಇಲ್ಲ ಅನ್ನುವುದಿಲ್ಲ. ನಾಳೆ ನಮ್ಮ ಹುಡುಗರ ಚೀಲದಲ್ಲೂ ಬಂದೀತು. ಆದರೆ ಇವತ್ತು ನಮ್ಮ ಏಳನೆಯ ಇಯತ್ತೆಯ ಹುಡುಗನ ಚೀಲದಲ್ಲಿ ಸಿಗುವುದು ಪುಡಿ. ಮಾವಾದ ಪುಡಿ. ಕೇಳಿದರೆ "ಅಪ್ಪಂದ್ರಿ ಸರ್, ತರಾಕ ಹೇಳ್ಯಾನ" ಅನ್ನುತ್ತಾನೆ. ಅರ್ಧ ಸಲ ಅದು ನಿಜ. ಇನ್ನರ್ಧ ಸಲದ ಬಗ್ಗೆ ನಾವು ಹುಡುಗನ ಬಾಯಿ ವಾಸನೆ ನೋಡಿ ತಿಳಿದುಕೊಳ್ಳುತ್ತೇವೆ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆ ಬಿಟ್ಟ ದಾಖಲೆ ಕೇಳಲು ಬಂದಿದ್ದ. ಇಪ್ಪತ್ನಾಲ್ಕು ವರ್ಷ. ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ಚಹಾ ಕೊಟ್ಟೆವು, ಜೊತೆಗೆ ಕೊಟ್ಟ ಬಿಸ್ಕತ್ತನ್ನು ಮುರಿದು ಮುರಿದು ಒಳಗೆ ತಳ್ಳುತ್ತಿದ್ದ. ಬಾಯಿ ತೆಗಿ ನೋಡೋಣ ಅಂದೆವು. ಆರೋಗ್ಯವಂತರ ಬಾಯಲ್ಲಿ ಅವರವೇ ಮೂರು ಬೆರಳು ಒಂದರ ಮೇಲೊಂದು ಹೋಗಬೇಕು. ಅವನಿಗೆ ಎರಡು ಹೋಗಲಿಲ್ಲ. ಅಡಿಕೆ ಮತ್ತು ತಂಬಾಕು ಬೆರೆಸಿ ವರ್ಷಗಟ್ಟಲೆ ಜಗಿದರೆ ಗಲ್ಲದ ಒಳಚರ್ಮ ಬಿಳಿಚಿ ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದದ್ದು ಮತ್ತೆ ಮೊದಲಿನಂತೆ ಮೆತ್ತಗಾಗುವುದಿಲ್ಲ, ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರ್ ಆಗುತ್ತದೆ. ಯಾವಾಗ ಶುರು ಮಾಡಿದಿ ಅಂತ ಕೇಳಿದೆವು. "ಸಾಲ್ಯಾಗ ಇದ್ದಾಗನ್ರಿ ಸರ್" ಅಂದ. ಎಲ್ಲಿ ಸಿಗುತ್ತಿತ್ತು ಅಂತ ನಾವು ಕೇಳಲಿಲ್ಲ. ನಮ್ಮ ಖೋಲಿಯ ಕಿಡಕಿಯಿಂದಲೇ ಆ ಪಾನಪಟ್ಟಿ ಕಾಣುತ್ತದೆ.

ಈಗ ಕಾಯ್ದೆಗೆ ಬರೋಣ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಎಲ್ಲರೂ ‘ಕೋಟ್ಪಾ’ ಅನ್ನುತ್ತಾರೆ. ಅದರ 6ನೆಯ ಕಲಮು ಎರಡು ಮಾತು ಹೇಳುತ್ತದೆ. 18 ವರ್ಷದ ಒಳಗಿನವರಿಗೆ ಮಾರಬಾರದು. ಶಿಕ್ಷಣ ಸಂಸ್ಥೆಯ ನೂರು ಗಜದ ಒಳಗೆ ಯಾರಿಗೂ ಮಾರಬಾರದು. ಮುರಿದರೆ ದಂಡ ಎಷ್ಟು? 200 ರೂಪಾಯಿವರೆಗೆ! ಪುಣೆಯಲ್ಲಿ ಕರೆಂಟಿನ ಬೀಡಿ ಮಾರಿದವನಿಗೆ ಲಕ್ಷ, ನಮ್ಮ ಗೇಟಿನಲ್ಲಿ ಹನ್ನೆರಡು ವರ್ಷದ ಹುಡುಗನಿಗೆ ಪುಡಿ ಮಾರಿದವನಿಗೆ ಇನ್ನೂರು. ಹಾಗಂತ ಸರಕಾರದ ಹತ್ತಿರ ಬೇರೆ ದಂಡವೇ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಮಗುವಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ ಇದೆ. ಗುಟಖಾ, ಪಾನ್ ಮಸಾಲಾ ಅಂತೂ ಮಹಾರಾಷ್ಟ್ರದಲ್ಲಿ 2012ರ ಜುಲೈಯಿಂದಲೇ ಬಂದ್, ವರ್ಷವರ್ಷ ಆ ಆದೇಶ ಮುಂದುವರೆಯುತ್ತ ಬಂದಿದೆ. ಕಾಯ್ದೆಗಳಿಗೆ ಬರ ಇಲ್ಲ ಸ್ವಾಮಿ. ಬರ ಇರುವುದು ಅಳತೆಗೆ.

ಯಾಕೆ ಅಳತೆ ಅನ್ನುತ್ತೇವೆ? ನಿಯಮಾವಳಿಯಲ್ಲಿ ಬರೆದದ್ದು ಹೀಗೆ: ನೂರು ಗಜವನ್ನು ಶಿಕ್ಷಣ ಸಂಸ್ಥೆಯ ಆವರಣ ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ, ಸುತ್ತಲೂ, ತ್ರಿಜ್ಯದಂತೆ ಅಳೆಯಬೇಕು. ಗೋಡೆಯೂ ಇಲ್ಲ, ಬೇಲಿಯೂ ಇಲ್ಲದ ಶಾಲೆಗೆ? ‘ಇದ್ದ ಪರಿಸ್ಥಿತಿಯಂತೆ’ ಎಂಬ ಒಂದು ಸಡಿಲ ಮಾತು ಇದೆ. ಆ ಸಡಿಲಿನಲ್ಲಿ ಎರಡು ಪಾನಪಟ್ಟಿ ಆರಾಮಾಗಿ ಕೂತಿವೆ.

ನಾವು ಗಣಿತದ ತಾಸಿನಲ್ಲಿ ಮಕ್ಕಳಿಂದ ಇದನ್ನು ಮಾಡಿಸಿದೆವು. ನೂರು ಗಜ ಅಂದರೆ 91 ಮೀಟರ್ 44 ಸೆಂಟಿಮೀಟರ್. ಹತ್ತು ಮೀಟರಿನ ಹಗ್ಗ ಒಂಬತ್ತು ಸಲ, ಮೇಲೆ ಸುಮಾರು ಒಂದೂವರೆ ಮೀಟರ್. ಧ್ವಜದ ಕಂಬದಿಂದ ಹೊರಟು ಸುತ್ತಲೂ ಒಂದು ವರ್ತುಳ ಹಾಕಿದರೆ ಅದರ ಕ್ಷೇತ್ರಫಲ 26,268 ಚದರ ಮೀಟರ್, ಅಂದರೆ ಆರೂವರೆ ಎಕರೆ. ಇನ್ನು ಶಾಲೆಗೆ ಐವತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಗೋಡೆ ಇದೆ ಅಂತ ಹಿಡಿಯಿರಿ. ಗೋಡೆಯ ಹೊರ ಅಂಚಿನಿಂದ ಅಳೆದರೆ ನಿಯಮದ ಒಳಗೆ ಬರುವ ಜಾಗ, ಶಾಲೆಯ ಆವರಣ ಹಿಡಿದು, 47,056 ಚದರ ಮೀಟರ್. ಹನ್ನೊಂದೂವರೆ ಎಕರೆ! ಗೋಡೆ ಒಂದು ಕಟ್ಟಿದರೆ ಕಾಯ್ದೆ ಐದು ಎಕರೆ ಬೆಳೆಯುತ್ತದೆ. ಮಕ್ಕಳಿಗೆ ಇದು ಬಹಳ ಖುಷಿ ಕೊಟ್ಟಿತು. ಒಬ್ಬ ಹುಡುಗಿ ಕೇಳಿದಳು, "ಸರ್, ಪಾನಪಟ್ಟಿಯವ್ರು ಅಳಿಯೋ ಮುಂದ ಕಂಬದಿಂದ ಅಳಿತಾರೋ ಗ್ವಾಡಿಯಿಂದ ಅಳಿತಾರೋ?" ಏನು ಉತ್ತರ ಕೊಡಬೇಕು ಹೇಳಿ. ನಮ್ಮ ಅಳತೆಯಲ್ಲಿ ಒಂದು ಪಾನಪಟ್ಟಿ ಕಂಬದಿಂದ 61 ಮೀಟರ್, ಇನ್ನೊಂದು 22. ಎರಡನೆಯದು ಹೆಚ್ಚುಕಡಿಮೆ ಶಾಲೆಯ ಜಾಗದಲ್ಲೇ ಇದೆ. ಹೆಚ್ಚುಕಡಿಮೆ ಯಾಕೆ ಅಂದರೆ, ಗೋಡೆ ಇಲ್ಲವಲ್ಲ!

ಈಗ ತಿಳಿಯಿತೇ, ಗೋಡೆಗೆ ಯಾಕೆ ನಾಲ್ಕು ಸಲ ‘ಮುಂದ ನೋಡೂಣು’ ಅಂತ?

ಹಣ ಇಲ್ಲ ಅನ್ನುತ್ತಾರೆ. ಶಾಲೆಯ ಕಟ್ಟಡ ಜಿಲ್ಲಾ ಪರಿಷತ್ತಿನದು, ಅವರೇ ಕಟ್ಟಲಿ ಅನ್ನುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ 15ನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ಸ್ವಚ್ಛತೆಗೆ ಕಟ್ಟಿಟ್ಟದ್ದು, ಉಳಿದ ಶೇ. 40 ಕಟ್ಟಿಡದ್ದು, ಊರಿನ ಅಗತ್ಯ ನೋಡಿ ಖರ್ಚು ಮಾಡುವಂಥದ್ದು. ಊರಿನ ಅಗತ್ಯ ಕಮಾನೋ ಗೋಡೆಯೋ ಅಂತ ಯಾರು ಹೇಳಬೇಕು? ಗ್ರಾಮಸಭೆ. ಗಡಿಯ ಆಚೆ ಕರ್ನಾಟಕದಲ್ಲಿ ನರೇಗಾ ಹಣದಲ್ಲಿ ಎಷ್ಟೋ ಸರಕಾರಿ ಶಾಲೆಗಳಿಗೆ ಕಂಪೌಂಡ್ ಎದ್ದವು, ಪಂಚಾಯಿತಿಗಳೇ ಮುಂದೆ ನಿಂತು ಕಟ್ಟಿಸಿದವು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಚರ್ಚೆಗೂ ಬರಬಾರದೇ? ಕಮಾನಿನ ಕೆಳಗೆ ಹಾಯ್ದು ಊರಿಗೆ ಬರುವ ಬೀಗರು ಎಷ್ಟು ಜನ, ಗೋಡೆ ಇಲ್ಲದ ಶಾಲೆಗೆ ದಿನಾ ಬರುವ ಮಕ್ಕಳು ಎಷ್ಟು ಜನ, ಲೆಕ್ಕ ಹಾಕಿ.

ಖರೇ ಕಾರಣ ಬೇರೆ. ಗೋಡೆ ಅಂದರೆ ಹದ್ದು. ಹದ್ದು ಗೊತ್ತಾದರೆ ಯಾರ ಡಬ್ಬಾ ಎಲ್ಲಿದೆ ಅಂತ ಗೊತ್ತಾಗುತ್ತದೆ. ಊರಿನಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು, ಕಾಕಾ, ಮಾಮಾ, ಬೀಗ. ಮತದ ಲೆಕ್ಕವೂ ಇದೆ. ಹಾಗಾಗಿ ಪುಣೆಯ ಬೀಡಿಗೆ ಕೈ ಎತ್ತುವುದು ಹಗುರ. ಅದನ್ನು ಮಾರುವವ ನಮ್ಮ ಓಣಿಯವನಲ್ಲವಲ್ಲ.

ಇಲ್ಲಿ ನಮ್ಮ ಮೇಲೆ ಒಂದು ಆಕ್ಷೇಪ ಬರುತ್ತದೆ, ಬಂದೂ ಇದೆ. "ಗುರೂಜಿ, ನಿಮಗ ಪಗಾರ ಐತಿ. ಅವರ ಹೊಟ್ಟಿ ಮ್ಯಾಲ ಯಾಕ ಹೊಡಿತೀರಿ?" ಈ ಮಾತನ್ನು ನಾವು ಹಾರಿಸಿ ಹೋಗುವುದಿಲ್ಲ. ಆ 22 ಮೀಟರಿನ ಪಾನಪಟ್ಟಿ ನಡೆಸುವವಳು ಗಂಡ ಸತ್ತ ಒಬ್ಬ ತಾಯಿ. ಅವಳ ಮಗಳು ನಮ್ಮಲ್ಲೇ ಕಲಿಯುತ್ತಾಳೆ, ಹಗ್ಗ ಹಿಡಿದು ಅಳೆದವರಲ್ಲಿ ಅವಳೂ ಒಬ್ಬಳು. ಅಳತೆ ಮುಗಿದ ಮೇಲೆ ಆ ಹುಡುಗಿ ಏನೂ ಮಾತಾಡಲಿಲ್ಲ. ಅವತ್ತು ನಮಗೆ ಬಹಳ ಕೆಟ್ಟದೆನಿಸಿತು. ಆ ಪಾಠ ಹಾಗೆ ಮಾಡಬಾರದಿತ್ತು, ತಪ್ಪು ನಮ್ಮದೇ. ಮರುದಿನ ನಾವೇ ಹೋಗಿ ಆ ತಾಯಿಯ ಜೊತೆ ಮಾತಾಡಿದೆವು. ಅವಳು ಹೇಳಿದ್ದು ಇಷ್ಟು: "ಬಿಸ್ಕೂಟು, ಚಾಕಲೇಟದಾಗ ಏನ್ ಉಳಿತೈತ್ರಿ ಸರ್? ಪುಡಿಯಾಗ ಉಳಿತೈತಿ. ನನಗ ಸ್ಟ್ಯಾಂಡಿನ ಹತ್ರ ಒಂದ್ ಮಳಗಿ ಕೊಡಸ್ರಿ, ನಾಳೇನ ಎದ್ದು ಹೊಕ್ಕೇನಿ."

ನೋಡಿ, ಸಾರ್ವಜನಿಕ ಕಾಮಗಾರಿ ಅಂದರೆ ಇದು! ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಸಣ್ಣ ಮಳಿಗೆ ಕಟ್ಟಿ, ಶಾಲೆಯ ಹತ್ತಿರದಿಂದ ಏಳುವವರಿಗೆ ಮೊದಲು ಕೊಡಿ. ಕಮಾನಿಗೆ ಬಾಡಿಗೆ ಬರುವುದಿಲ್ಲ, ಮಳಿಗೆಗೆ ಬರುತ್ತದೆ.

ಪಟ್ಟಣಗಳಿಗೆ ಇನ್ನೂ ಒಂದು ದಾರಿ ಇದೆ. ಗಡಹಿಂಗ್ಲಜಕ್ಕೆ ನಗರ ಪರಿಷತ್ತು ಇದೆ, ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆ ಆಗಿದೆ. ಕೇಂದ್ರ ಆರೋಗ್ಯ ಇಲಾಖೆ 2017ರ ಸೆಪ್ಟೆಂಬರ್‌ನಲ್ಲೇ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ತಂಬಾಕು ಮಾರುವ ಅಂಗಡಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಇರಬೇಕು, ಹಾಗೆ ಪರವಾನಗಿ ಪಡೆದ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸ್, ಚಾಕಲೇಟ್, ತಂಪು ಪಾನೀಯ ಮಾರಬಾರದು ಅಂತ ಸಲಹೆ ಕೊಟ್ಟಿತ್ತು. ಲಖನೌ ಮಹಾನಗರಪಾಲಿಕೆ 2021ರಲ್ಲಿ ಪರವಾನಗಿ ಪದ್ಧತಿ ತಂದಿತು. ಎಷ್ಟು ಸಾದಾ ಸಂಗತಿ! ಮಗು ಪೆಪ್ಪರಮಿಂಟ್ ತರಲು ಹೋದ ಅಂಗಡಿಯಲ್ಲಿ ಪುಡಿಯ ಮಾಲೆ ತೂಗಾಡುತ್ತಿರಬಾರದು, ಅಷ್ಟೇ. ಒಂದೋ ಚಾಕಲೇಟ್ ಮಾರು, ಇಲ್ಲವೇ ತಂಬಾಕು ಮಾರು. ಬಡವನ ಅಂಗಡಿ ಮುಚ್ಚಬೇಕಾಗಿಲ್ಲ. ಪರವಾನಗಿ ಶುಲ್ಕ ಬೇಕಾದರೆ ನಾಮಮಾತ್ರಕ್ಕೆ ಇಡಿ. ಆದರೆ ಅದು ರದ್ದಾಗುತ್ತದೆ ಎಂಬ ಹೆದರಿಕೆ ಇನ್ನೂರು ರೂಪಾಯಿ ದಂಡಕ್ಕಿಂತ ದೊಡ್ಡದು.

ಇದನ್ನು ಬಿಟ್ಟು ಠರಾವು ಮಾಡುವ ಚಟ ನಮ್ಮವರಿಗೆ ಎಲ್ಲಿಂದ ಬಂತೋ! ಇದೇ ಮಹಾರಾಷ್ಟ್ರದಲ್ಲಿ ದಾರೂ ವಿಷಯಕ್ಕೆ ಹಳ್ಳಿಯ ಹೆಣ್ಣುಮಕ್ಕಳು ಎಂಥ ಆಯುಧ ಪಡೆದಿದ್ದಾರೆ. ಕಾಲುಭಾಗ ಮಹಿಳಾ ಮತದಾರರು ಸಹಿ ಹಾಕಿ ಕೇಳಿದರೆ ಗುಪ್ತ ಮತದಾನ, ಮತಪತ್ರದ ಮೇಲೆ ನಿಂತ ಬಾಟಲಿ ಒಂದು, ಅಡ್ಡಬಿದ್ದ ಬಾಟಲಿ ಒಂದು. ‘ಆಡವಿ ಬಾಟಲಿ’ಗೆ ಬಹುಮತ ಬಂದರೆ ದುಕಾನು ಬಂದ್. ಓದಲು ಬಾರದ ಆಯಿಗೂ ತಿಳಿಯುವ ಮತಪತ್ರ! ಎಷ್ಟೋ ಊರುಗಳಲ್ಲಿ ಬಾಟಲಿ ಅಡ್ಡ ಬಿದ್ದಿದೆ. ಆ ಕೆಲಸ ಯಾಕೆ ಯಶಸ್ವಿ ಆಯಿತು ಅಂದರೆ ಅಲ್ಲಿ ಎದುರಿಗೆ ನಿಂತದ್ದು ಊರಿನದೇ ದುಕಾನು. ಯಾರನ್ನು ಎದುರು ಹಾಕಿಕೊಳ್ಳುತ್ತಿದ್ದೇವೆ ಅಂತ ಪ್ರತಿಯೊಬ್ಬಳಿಗೂ ಗೊತ್ತಿತ್ತು.

ನಾವು ತಂಬಾಕು ಬೆಳೆಯುವ ರೈತನ ವಿರುದ್ಧ ಬರೆಯುತ್ತಿದ್ದೇವೆ ಅಂತ ಯಾರೂ ತಿಳಿಯಬೇಡಿ. ನಿಪ್ಪಾಣಿ ನಮಗೆ ದೂರದ ಊರಲ್ಲ. 1981ರ ಚಳವಳಿಯಲ್ಲಿ ತಂಬಾಕಿಗೆ ದರ ಕೇಳಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗುಂಡು ಹಾರಿ ಜೀವ ಹೋದದ್ದು ಈ ಭಾಗದ ಹಿರಿಯರಿಗೆ ಇನ್ನೂ ನೆನಪಿದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಅಲ್ಲಿ ಮನೆಮನೆಗೆ ಇದ್ದಾರೆ. ಅವರ ಬದುಕಿನ ಪ್ರಶ್ನೆ ದೊಡ್ಡದು, ಅದನ್ನು ಗ್ರಾಮಸಭೆ ಬಿಡಿಸಲಾರದು, ನಾವೂ ಬಿಡಿಸಲಾರೆವು. ಆದರೆ ಶಾಲೆಯ ಬಾಗಿಲಲ್ಲಿ ಮಾರದಿದ್ದರೆ ನಿಪ್ಪಾಣಿಯ ರೈತ ಉಪವಾಸ ಬೀಳುವುದಿಲ್ಲ.

ಗಡಿಯಲ್ಲಿ ಇರುವವರಿಗೆ ಇನ್ನೊಂದು ಮೋಜು. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಬಸ್ಸಿನಲ್ಲಿ ಅರ್ಧ ತಾಸು. ಸಂಕೇಶ್ವರದಲ್ಲಿ ಗುಟಖಾ 2013ರ ಮೇ 31ರಿಂದ ಬಂದ್, ಆದರೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಒಂದು ಪಾಕೀಟು ಬೇರೆ ಬೇರೆ ಸಿಗುತ್ತವೆ, ಎರಡನ್ನೂ ಹರಿದು ಬಾಯಲ್ಲಿ ಕೂಡಿಸಿದರೆ ಅದೇ ಗುಟಖಾ. ಇಲ್ಲಿ ಪಾನ್ ಮಸಾಲಾ ಕೂಡ ಬಂದ್. ಹಾಗಾಗಿ ಅಲ್ಲಿಯ ಮಾಲು ಇಲ್ಲಿಗೆ ಚೀಲದಲ್ಲಿ ಬರುತ್ತದೆ. ಇನ್ನು ಸಿಗರೇಟಿನ ವಿಷಯದಲ್ಲಿ ಉಲ್ಟಾ. ಕರ್ನಾಟಕ 2025ರಲ್ಲಿ ಜಾರಿಗೆ ತಂದ ತಿದ್ದುಪಡಿಯಿಂದ ಅಲ್ಲಿ 21 ವರ್ಷದ ಒಳಗಿನವರಿಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ. ಇಲ್ಲಿ ಕೇಂದ್ರ ಕಾಯ್ದೆಯ 18 ವರ್ಷ, 200 ರೂಪಾಯಿ. ಹತ್ತೊಂಬತ್ತು ವರ್ಷದ ಹುಡುಗ ಪಾನ್ ಮಸಾಲಾಕ್ಕೆ ಆಚೆ, ಸಿಗರೇಟಿಗೆ ಈಚೆ. ಎರಡೂ ಸರಕಾರಗಳು ಗಡಿಯ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಜಗಳ ಆಡುತ್ತವೆ, ಗಡಿಯ ಹುಡುಗನ ಬಾಯಿಯ ಬಗ್ಗೆ ಒಂದು ಸಲವಾದರೂ ಕೂತು ಮಾತಾಡಿದ್ದಾವೆಯೇ?

ಇನ್ನು ಫಲಕದ ಮಾತು. ಶಾಲೆಯ ಹೊರಗೆ ‘ನೂರು ಗಜದ ಒಳಗೆ ತಂಬಾಕು ಮಾರಾಟ ಅಪರಾಧ’ ಎಂದು ಬರೆದ ಫಲಕ ಇರಬೇಕು. ನಮ್ಮಲ್ಲಿ ಇದೆ. ಮರಾಠಿಯಲ್ಲಿದೆ. ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ, ನಮ್ಮ ಮಕ್ಕಳೂ ಮರಾಠಿ ಕಲಿಯುತ್ತಾರೆ, ಕಲಿಯಬೇಕು. ಆದರೆ ಕನ್ನಡ ಶಾಲೆಯ ಮುಂದೆ, ಕನ್ನಡ ಮಾತಾಡುವ ಓಣಿಯಲ್ಲಿ, ಕನ್ನಡದಲ್ಲಿ ಪುಡಿ ಕೇಳಿ ಕನ್ನಡದಲ್ಲಿ ಪುಡಿ ಕೊಡುವ ಜಾಗದಲ್ಲಿ ಅದರ ಕೆಳಗೆ ಒಂದು ಸಾಲು ಕನ್ನಡ ಬರೆಯಲು ಎಷ್ಟು ಬಣ್ಣ ಬೇಕು? ಕೊನೆಗೆ ನಾವೇ ಬಣ್ಣ ತಂದು ಬರೆದೆವು. ರವಿವಾರ ಎರಡು ತಾಸಿನ ಕೆಲಸ. ‘ತಂಬಾಕು ಮುಕ್ತ ಶಾಲೆ’ ಅಂತ ಫೋಟೋ ಕಳಿಸುವುದು, ನೂರು ಗಜಕ್ಕೆ ಹಳದಿ ಗೆರೆ ಎಳೆಯುವುದು, ಮಕ್ಕಳಲ್ಲಿ ಒಬ್ಬನನ್ನು ತಂಬಾಕು ಮಾನಿಟರ್ ಮಾಡುವುದು, ಎಲ್ಲ ಮಾಡಿದ್ದೇವೆ. ಹಳದಿ ಗೆರೆ ಮೊದಲ ಮಳೆಗೆ ಹೋಯಿತು. ಡಾಂಬರಿದ್ದರೆ ಉಳಿಯುತ್ತಿತ್ತೇನೋ, ಮಣ್ಣಿನ ರಸ್ತೆ!

ನಮ್ಮವರ ತಪ್ಪನ್ನೂ ಹೇಳಿಬಿಡೋಣ, ಇಲ್ಲದಿದ್ದರೆ ಊರವರು ಹೇಳುತ್ತಾರೆ. ಶಿಕ್ಷಕರಲ್ಲೂ ಕೆಲವರ ಕಿಸೆಯಲ್ಲಿ ಸುಣ್ಣದ ಡಬ್ಬಿ ಇದೆ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಶಾಲೆಯ ಆವರಣದಲ್ಲಿ ಸೇದಿದವರಿಗೆ ಮುಖ್ಯಾಧ್ಯಾಪಕರು, ಶಿಕ್ಷಕರು ದಂಡ ಹಾಕಬಹುದು. ಎಷ್ಟು ಜನ ಹಾಕಿದ್ದೇವೆ? ನಾವು ಇಷ್ಟು ವರ್ಷದಲ್ಲಿ ಒಂದೇ ಒಂದು ಪಾವತಿ ಹರಿದಿಲ್ಲ. ಸಂಜೆ ಆವರಣದಲ್ಲಿ ಕೂತು ಸೇದುವವರು ಊರಿನ ಹುಡುಗರೇ, ಅವರಿಗೂ ನಾವೇ ಕಲಿಸಿದ್ದು. "ಏ, ಏಳ್ರೋ" ಅಂದರೆ "ಹೂಂ ಸರ್" ಅಂತ ಏಳುತ್ತಾರೆ, ನಾವು ಹೋದ ಮೇಲೆ ಮತ್ತೆ ಕೂಡುತ್ತಾರೆ. ಯಾಕೆಂದರೆ ಎಲ್ಲಿಂದ ಶಾಲೆ ಶುರು, ಎಲ್ಲಿಗೆ ಊರು ಮುಗಿಯಿತು ಅಂತ ತೋರಿಸುವ ಒಂದು ಮೊಳ ಕಲ್ಲು ಅಲ್ಲಿಲ್ಲ. ನಾವು ಸರಕಾರಿ ನೌಕರರು, ಮಾತು ಅಳೆದು ಆಡಬೇಕು ಅಂತ ಹಿತೈಷಿಗಳು ಹೇಳುತ್ತಾರೆ. ಅಳೆದೇ ಆಡುತ್ತಿದ್ದೇವೆ, 91 ಮೀಟರ್ 44 ಸೆಂಟಿಮೀಟರ್.

ಇ-ಸಿಗರೇಟಿನ ಠರಾವು ಬೇಡ ಅಂತ ನಾವು ಹೇಳುವುದಿಲ್ಲ. ಇರಲಿ, ಪುಸ್ತಕದಲ್ಲಿ ಇರಲಿ. ಆ ತರುಣ ಸದಸ್ಯರ ಮನೆಗೆ ಆಮೇಲೆ ಹೋಗಿ ಈ ಲೆಕ್ಕವನ್ನೆಲ್ಲ ತೋರಿಸಿದೆವು. ಅವರು ಹಗ್ಗದ ಚಿತ್ರ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರ್, ಆ 61 ಮೀಟರಿನ ಡಬ್ಬಾ ನಮ್ಮ ಕಾಕಾಂದು" ಅಂದರು. ಗೊತ್ತು ಅಂದೆವು. ಚಹಾ ಬಂತು, ಕುಡಿದೆವು. ಏಳುವಾಗ "ಅರ್ಜಿ ಕೊಡ್ರಿ, ನಾ ಸೂಚಕ ಆಗ್ತೇನಿ" ಅಂದರು. ಆದಾರೋ ಇಲ್ಲವೋ ಗೊತ್ತಿಲ್ಲ.

ಅರ್ಜಿ ಕೊಟ್ಟಿದ್ದೇವೆ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು. ಮೂರು ಬೇಡಿಕೆ: ಪಶ್ಚಿಮದ ಗೋಡೆ, ಸ್ಟ್ಯಾಂಡಿನ ಹತ್ತಿರ ಮಳಿಗೆ, ತಂಬಾಕು ಮಾರುವ ಅಂಗಡಿಗಳ ಯಾದಿ. ಗ್ರಾಮಸೇವಕರು ಶಿಕ್ಕೆ ಹೊಡೆದು ಪೋಚ್ ಕೊಟ್ಟರು. ಮುಂದಿನ ಗ್ರಾಮಸಭೆ ಜನವರಿ 26ಕ್ಕೆ, ಧ್ವಜವಂದನೆ ಮುಗಿದ ಮೇಲೆ, ಶಾಲೆಯ ಅಂಗಳದಲ್ಲೇ.